ಸಾವಂತ್ರಿಯ ಮೂರನೆಯ ಚರಣ

ಮೊನ್ನೆ ಪಕ್ಕದ ಮನೆಯ ಹುಡುಗಿಯ ಶಾಲೆಯಲ್ಲಿ ವಾರ್ಷಿಕೋತ್ಸವ. ಅವಳ ಲಂಗ ನಾನೇ ಹೊಲಿದದ್ದು. ಸೊಂಟದ ಹತ್ತಿರ ಸಡಿಲಾಯಿತು ಅಂತ ಅವರಮ್ಮ ಫೋನು ಮಾಡಿದ್ದಕ್ಕೆ ಸೂಜಿ ದಾರ ಹಿಡಿದು ಶಾಲೆಗೇ ಹೋದೆ. ಒಂದು ಕೋಣೆಯಲ್ಲಿ ಮೇಕಪ್ಪಿನವನು ಮಕ್ಕಳನ್ನು ಸಾಲಾಗಿ ಕೂರಿಸಿ ಮುಖಕ್ಕೆ ಬಳಿಯುತ್ತಿದ್ದ. ಈಗೆಲ್ಲ ಟ್ಯೂಬಿನ ಕ್ರೀಮು ಬಂದಿದೆ. ಇವನು ಹಳೆಯ ಕಾಲದವನು, ಸಫೇತಾ ಅನ್ನುವ ಬಿಳಿ ಪುಡಿಯನ್ನು ಅಂಗೈಗೆ ಹಾಕಿಕೊಂಡು ಕೊಬ್ಬರಿ ಎಣ್ಣೆ ಬಿಟ್ಟು ಕಲಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈಲಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. "ಆಂಟಿ, ಯಾಕೆ ಅಳ್ತಿದೀರಿ?" ಅಂದಳು ಹುಡುಗಿ. "ಎಣ್ಣೆ ಕಣ್ಣಿಗೆ ಹೋತು ಕಣೇ" ಅಂದೆ. ಎಣ್ಣೆ ಇದ್ದದ್ದು ಅವಳ ಮುಖದ ಮೇಲೆ.

ನನಗೆ ಆ ವಾಸನೆ ಅಂದರೆ ಸೊರಬಕ್ಕೆ ಅಲೆದ ಒಂದು ಮಳೆಗಾಲದ ನಾಲ್ಕು ಭಾನುವಾರಗಳು. ಹೇಳಿದರೆ ನಗುತ್ತೀರಿ, ನಗಿ. ನನ್ನ ಯಜಮಾನರು ರುದ್ರೇಶಪ್ಪನವರೇ ನಕ್ಕಿದ್ದಾರೆ. ಅವರು ಶಿಕಾರಿಪುರದ ಮಾರುಕಟ್ಟೆ ಯಾರ್ಡಿನಲ್ಲಿ ತೂಕ ಮಾಡುವವರು, ತೂಗಲು ಬಾರದ್ದು ಯಾವುದೂ ಅವರ ಲೆಕ್ಕಕ್ಕಿಲ್ಲ. ನಾನು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವವಳು. ಮಿಷನ್ನಿನ ಪಕ್ಕದಲ್ಲಿ ಒಂದು ಹಳೆಯ ಟೇಪ್ ರೆಕಾರ್ಡರು, ಅದರೊಳಗೆ ಒಂದೇ ಒಂದು ಕ್ಯಾಸೆಟ್ಟು. "ಗಿರಿಜಕ್ಕನ ಅಂಗಡಿಗೆ ಹೋದ್ರೆ ರವಿಕೆ ಜೊತೆ ನಾಟಕ ಪುಕ್ಸಟ್ಟೆ" ಅಂತ ಗಿರಾಕಿಗಳು ಆಡಿಕೊಳ್ಳುತ್ತಿದ್ದರು.

ನಾಟಕದ ಹೆಸರು 'ಸೆರಗೊಡ್ಡಿದ ಸಾವಂತ್ರಿ'. ಕಂಪನಿ ನಾಟಕ, ಮಾತಿಗಿಂತ ಹಾಡೇ ಹೆಚ್ಚು. ಆನವಟ್ಟಿಯಲ್ಲಿ ನನ್ನ ತವರು. ಅಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕಂಪನಿ ನಾಟಕಕ್ಕೆ ಹೋಗಬಾರದು ಅಂತ ಅಪ್ಪನ ಕಟ್ಟುನಿಟ್ಟು. ತಾನು ಮಾತ್ರ ಹೋಗಿ ಬರುತ್ತಿದ್ದ ಅನ್ನಿ. ನಾನು ಹಟ ಮಾಡಿ ಮೂರು ದಿನ ಊಟ ಬಿಟ್ಟಿದ್ದಕ್ಕೆ ಒಂದು ಕ್ಯಾಸೆಟ್ಟು ತಂದುಕೊಟ್ಟ. ಮೂಲದ್ದು ಎರಡು ಕ್ಯಾಸೆಟ್ಟಿನ ನಾಟಕ. ಅಂಗಡಿಯವನು ಒಂದು ಖಾಲಿ ಕ್ಯಾಸೆಟ್ಟಿಗೇ ತುರುಕಿ ಕಾಪಿ ಮಾಡಿಕೊಟ್ಟಿದ್ದ. ಹಾಗೆ ತುರುಕುವಾಗ ಮೂರನೆಯ ಅಂಕದ ಹಾಡು ಅರ್ಧಕ್ಕೇ ಕತ್ತರಿಸಿಹೋಯಿತು.

ಆ ಹಾಡೇ ನಾಟಕದ ಪ್ರಾಣ. ಸಾವಂತ್ರಿಯ ಗಂಡನ ಮೇಲೆ ಸುಳ್ಳು ಕಳವಿನ ಆಪಾದನೆ. ಸೂರ್ಯ ಹುಟ್ಟುವ ಮೊದಲು ಅವನ ತಲೆ ಹಾರಬೇಕು ಅಂತ ರಾಜನ ಅಪ್ಪಣೆ. ಬೆಳಕಾದರೆ ನಿಜ ತಾನಾಗಿ ಕಾಣುತ್ತದೆ ಅಂತ ಅವಳ ನಂಬಿಕೆ. ಅದಕ್ಕೇ ಅವಳು ಗಂಡನ ಪ್ರಾಣ ಕೇಳುವುದಿಲ್ಲ. 'ಬಾಳ ಬೇಡೆನು ದೊರೆಯೆ, ಒಂದೇ ಬೆಳಗು ಬೇಡುವೆ' ಅಂತ ಸೆರಗೊಡ್ಡುತ್ತಾಳೆ. ಮೊದಲ ಚರಣಕ್ಕೆ ರಾಜ ನಗುತ್ತಾನೆ. ಎರಡನೆಯದಕ್ಕೆ ಗದರುತ್ತಾನೆ. ಮೂರನೆಯದರಲ್ಲಿ ಅವಳ ದನಿ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಮೇಲೆ ಹೋಗಿ 'ಒಂದೇ ಬೆಳಗು' ಅನ್ನುತ್ತದೆ, ಅಲ್ಲಿಗೆ ಟಕ್. ಅಂಗಡಿಯವನು ಕ್ಯಾಸೆಟ್ಟು ತಿರುಗಿಸಿ ಹಾಕುವಷ್ಟರಲ್ಲಿ ಅತ್ತ ಹಾಡು ಮುಗಿದಿತ್ತು. ಬಿ ಸೈಡು ಹಾಕಿದರೆ ರಾಜನೇ ಬಿಕ್ಕಿಬಿಕ್ಕಿ ಅಳುತ್ತಿರುತ್ತಾನೆ. ಅವಳು ಏನಂದಳು? ಯಾವ ಮಾತಿಗೆ ಅಂಥ ಕಟುಕ ಕರಗಿದ? ನನಗೆ ಗೊತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಅದು ಬರೀ ಕುತೂಹಲ. ಮದುವೆಯಾದ ಮೂರನೆಯ ವರ್ಷಕ್ಕೆ ಅದು ಬೇರೆಯೇ ಆಯಿತು. ನನ್ನ ಮಗಳು ತಿಂಗಳು ತುಂಬದೆ ಒಂದು ಸಂಜೆ ಹುಟ್ಟಿ, ಬೆಳಕು ಹರಿಯುವ ಮುಂಚೆ ಹೋದಳು. ಯಾರ ತಪ್ಪೂ ಇರಲಿಲ್ಲ. ಬೆಳಗಿನ ತನಕ ತಡೆದುಕೊಂಡರೆ ಉಳಿಯಬಹುದು ಅಂತ ಆಸ್ಪತ್ರೆಯಲ್ಲಿ ಡಾಕ್ಟರು ಅಂದಿದ್ದರು. ಆ ರಾತ್ರಿ ನಾನು ಬಲ್ಲ ದೇವರನ್ನೆಲ್ಲ ಬೇಡಿದೆ, ಒಂದೇ ಬೆಳಗು ಕೊಡಿ ಅಂತಲೇ ಬೇಡಿದೆ. ಆಮೇಲೆ ನನ್ನ ತಲೆಗೆ ಒಂದು ಹುಚ್ಚು ಹೊಕ್ಕಿತು. ಬೇಡಲು ಒಂದು ಮಾತಿದೆ, ಅದು ಸಾವಂತ್ರಿಗೆ ಸಿಕ್ಕಿತ್ತು, ನನಗೆ ಸಿಗಲಿಲ್ಲ. ನನ್ನ ಕ್ಯಾಸೆಟ್ಟಿನಲ್ಲಿ ಆ ಮಾತಿನ ಜಾಗವೇ ಕತ್ತರಿಸಿಹೋಗಿತ್ತು. ಇದು ಹುಚ್ಚು ಅಂತ ನನಗೂ ಗೊತ್ತು. ಗೊತ್ತಿದ್ದರೆ ಹುಚ್ಚು ಬಿಡುತ್ತದೆಯೇ?

ಮೊಬೈಲು ಬಂದ ಮೇಲೆ ಹುಡುಕಿದೆ. ಲೋಕದ ಹಾಳುಮೂಳೆಲ್ಲ ಅದರಲ್ಲಿದೆ, ಈ ನಾಟಕ ಇಲ್ಲ. ದಾವಣಗೆರೆಗೆ ಮದುವೆಗೆ ಹೋದಾಗ ಹಳೆಯ ಕ್ಯಾಸೆಟ್ಟಿನ ಅಂಗಡಿ ಹುಡುಕಿಕೊಂಡು ಹೋಗಿ ಊಟದ ಪಂಕ್ತಿ ತಪ್ಪಿಸಿಕೊಂಡದ್ದೂ ಆಯಿತು. ಇನ್ನು ಸಿಗುವುದಿಲ್ಲ ಅಂತ ಕೈ ಚೆಲ್ಲಿದ್ದೆ. ಅಷ್ಟರಲ್ಲಿ ಒಂದು ದಿನ ಸೊರಬದಿಂದ ನನ್ನ ನಾದಿನಿ ಪ್ರೇಮ ಫೋನು ಮಾಡಿದಳು.

"ಅತ್ತಿಗೆ, ನಿಮ್ಮ ಸಾವಂತ್ರಿ ಬಂದಿದಾಳೆ ನೋಡಿ ನಮ್ಮೂರಿಗೆ. ಆಟೋಕ್ಕೆ ಮೈಕ್ ಕಟ್ಕೊಂಡು ಕೂಗ್ತಾ ಹೋದ್ರು. ಭಾನುವಾರ ಮಧ್ಯಾಹ್ನದ ಆಟಕ್ಕೆ ಮಾತ್ರ ಅಂತೆ. ಮುಕ್ತಾಬಾಯಿ ಅನ್ನೋರೇ ಹಾಡ್ತಾರಂತೆ."

ಮುಕ್ತಾಬಾಯಿ ಅಂದರೆ ನನ್ನ ಕ್ಯಾಸೆಟ್ಟಿನ ಕಂಠ. ನಾನು ಹೊಲಿಯುತ್ತಿದ್ದ ತೋಳನ್ನು ತಿರುವುಮುರುವಾಗಿ ಹೊಲಿದುಬಿಟ್ಟಿದ್ದೆ, ಗೊತ್ತಾದದ್ದು ಸಂಜೆಗೆ.

ಮೊದಲ ಭಾನುವಾರ ಜಿಟಿಜಿಟಿ ಮಳೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋದೆ. ಊರ ಹೊರಗಿನ ಮೈದಾನದಲ್ಲಿ ತಗಡಿನ ಥಿಯೇಟರು, ಸುತ್ತ ಮೊಣಕಾಲುದ್ದ ಕೆಸರು. ಮಳೆಗೆ ಮೊದಲೇ ಗಂಟುಮೂಟೆ ಕಟ್ಟಬೇಕಿದ್ದ ಕಂಪನಿ, ಹೊರಡಲು ಗತಿಯಿಲ್ಲದೆ ಕೂತಿತ್ತು. ಒಳಗೆ ನಾವು ಹತ್ತು ಹನ್ನೆರಡು ಜನ. ಕಂಪನಿಗಳಲ್ಲಿ ಒಂದು ಪದ್ಧತಿಯಿದೆ: ದೀಪದ ಖರ್ಚಿಗೂ ಜನ ಸೇರದಿದ್ದರೆ ಟಿಕೆಟ್ಟು ವಾಪಸು, ಆಟ ಇಲ್ಲ. ಮ್ಯಾನೇಜರು ಕೈಮುಗಿದು "ಕ್ಷಮಿಸ್ಬೇಕ್ರೀ" ಅಂದ. ಎರಡನೆಯ ಭಾನುವಾರ ಶಿರಾಳಕೊಪ್ಪದ ಆಚೆ ರಸ್ತೆಗೆ ಮರ ಬಿದ್ದು ಬಸ್ಸು ಅಲ್ಲೇ ನಿಂತಿತು. ಬಸ್ಸಿನಲ್ಲೇ ಕೂತು ಪ್ರೇಮಳಿಗೆ ಫೋನು ಮಾಡಿದರೆ, "ಬರಬೇಡಿ ಅತ್ತಿಗೆ, ಇವತ್ತೂ ಜನ ಇಲ್ಲ, ಮುಂದಿನ ತಿಂಗಳು ಹೊರಡ್ತಾರಂತೆ" ಅಂದಳು. ಕಿಟಕಿಗೆ ತಲೆಯಿಟ್ಟು ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಅಂತ ಕೇಳಿದಳು.

ಜನ ಇಲ್ಲ ಅಂದರೆ ನಾನೇ ತುಂಬಿಸುತ್ತೇನೆ ಅಂತ ಹೊರಟೆ. ಕೈಯಲ್ಲಿ ಅಳತೆಯ ಟೇಪು, ಬಾಯಲ್ಲಿ ಸಾವಂತ್ರಿ. ಆನವಟ್ಟಿಗೆ ಹೋಗಿ ನನ್ನ ಗೆಳತಿ ಶಾರದಳ ಕಾಲು ಹಿಡಿದೆ. ಅವಳು ಅಲ್ಲಿನ ಹೆಂಗಸರ ಸಂಘದ ಅಧ್ಯಕ್ಷೆ, ಮದುವೆಯಾಗಲಿ ತಿಥಿಯಾಗಲಿ ನಲವತ್ತು ಜನರನ್ನು ಹೊರಡಿಸಬಲ್ಲವಳು.

"ಏನೇ ಗಿರಿಜಾ, ನಾಟಕಕ್ಕೆ ಇಷ್ಟು ಹಲ್ಲು ಗಿಂಜ್ತೀಯಾ?"

"ಹೆಂಗೂ ಸರ್ಕಾರಿ ಬಸ್ನಾಗೆ ಟಿಕೆಟ್ ಇಲ್ಲಲ್ಲೇ ಹೆಂಗಸ್ರಿಗೆ. ಒಂದು ದಿನ ಬಾರೇ. ನಿನ್ನ ಸೊಸೆಯಂದಿರ ರವಿಕೆ ಎಲ್ಲಾ ನಾನೇ ಹೊಲಿತೀನಿ."

ಅವಳು ಬಂದಳು. ಬಂದದ್ದು ಅಂದರೆ, ಎರಡು ಬಸ್ಸು ತುಂಬ ಬಂದರು. ಶಿಕಾರಿಪುರದಿಂದ ನನ್ನ ಗಿರಾಕಿಗಳು, ಸೊರಬದಲ್ಲಿ ಪ್ರೇಮಳ ಓಣಿಯವರು. ಮೂರನೆಯ ಭಾನುವಾರ ಥಿಯೇಟರಿನಲ್ಲಿ ಕಾಲಿಡಲು ಜಾಗ ಇಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಗಂಟೆ ಬಾರಿಸಿದರು. ಪರದೆ ಎದ್ದಿತು. ವೇದಿಕೆಯ ಮೇಲೆ ಒಬ್ಬ ದಪ್ಪ ಮೀಸೆಯವನು ಕುಂಡೆಗೆ ಒದೆಸಿಕೊಳ್ಳುತ್ತ ಬಂದ. ನಾಟಕ, 'ಮಾವನ ಮೀಸೆಗೆ ಮೆಣಸಿನಕಾಯಿ'.

ಎದ್ದು ಬಾಗಿಲಿಗೆ ಓಡಿದೆ. ಮ್ಯಾನೇಜರು ಸಂಭ್ರಮದಲ್ಲಿದ್ದ. ಇಷ್ಟು ಜನ ಕಂಡು ಎಷ್ಟು ತಿಂಗಳಾಗಿತ್ತೋ.

"ಅಕ್ಕಾರೆ, ಥಿಯೇಟರ್ ತುಂಬಿದಾಗ ಕಾಮಿಡಿ ಹಾಕ್ಬೇಕ್ರೀ. ಇದು ಕಂಪನಿ ಕಾಯಿದೆ. ಹಾಡಿನ ನಾಟಕ ಹಾಕಿದ್ರೆ ಅರ್ಧಕ್ಕೇ ಎದ್ದು ಹೋಗ್ತಾರೆ, ಮತ್ತೆ ಈ ಕಡೆ ತಲೆ ಹಾಕಲ್ಲ. ಸಾವಂತ್ರಿ ಏನಿದ್ರೂ ಜನ ಇಲ್ಲದ ಮಧ್ಯಾಹ್ನಕ್ಕೆ."

"ಆ ಜನನ್ನ ಕರ್ಕಂಡು ಬಂದಿದ್ದೇ ನಾನು ಕಣ್ರೀ! ಸಾವಂತ್ರಿ ನೋಡಾಕೆ!"

ಅವನ ಮುಖ ಪೆಚ್ಚಾಯಿತು. ಆದರೆ ಏರಿದ ಪರದೆ ಇಳಿಸುವ ಹಾಗಿಲ್ಲ. ವಾಪಸು ಬಂದು ಕೂತೆ. ಸುತ್ತ ಇನ್ನೂರು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ. ಶಾರದ ನನ್ನ ತೊಡೆಗೆ ಬಡಿದು ಬಡಿದು ನಗುತ್ತಿದ್ದಾಳೆ. ನಾನು ನಡುವೆ ಕೂತು ಅಳುತ್ತಿದ್ದೇನೆ. ನಕ್ಕು ನಕ್ಕು ಕಣ್ಣೀರು ಬಂದಿದೆ ಅಂತ ಎಲ್ಲರೂ ತಿಳಿದರು. ಮನೆಗೆ ಹೋಗುವಾಗ "ಎಂಥಾ ನಾಟಕ ತೋರ್ಸಿದ್ಯೇ, ಪುಣ್ಯಾತ್ಗಿತ್ತಿ" ಅಂತ ಶಾರದ ನನ್ನನ್ನು ತಬ್ಬಿಕೊಂಡಳು.

ಆ ವಾರ ನಾನು ಮನುಷ್ಯಳಾಗಿ ಇರಲಿಲ್ಲ. ಅಂಗಡಿ ತೆರೆಯಲಿಲ್ಲ, ಒಲೆ ಹಚ್ಚಿದರೆ ಹಚ್ಚಿದೆ. ರುದ್ರೇಶಪ್ಪನವರು ಎರಡು ದಿನ ಬೈದರು, ಮೂರನೆಯ ದಿನ ಸುಮ್ಮನಾದರು. ನಾಲ್ಕನೆಯ ದಿನ ತಟ್ಟೆ ಮುಂದೆ ಕೂತು, "ಮಗು ಹೋದಾಗ್ಲೂ ನೀ ಇಷ್ಟು ಅತ್ತಿರಲಿಲ್ಲಲ್ಲೇ" ಅಂದರು. "ಆಗ ಅಳಾಕೆ ಬರ್ಲಿಲ್ಲ" ಅಂದೆ. ಅವರು ಊಟ ಮಾಡದೆ ಎದ್ದು ಹೋದರು. ಶನಿವಾರ ಸಂಜೆ ಬಂದವರೇ, "ನಾಳೆ ಅವರ ಕೊನೇ ಆಟ ಅಂತೆ. ಮ್ಯಾನೇಜರ್ ಹತ್ರ ಮಾತಾಡೀನಿ. ನಾಯಿ ನರಿ ಬರದಿದ್ರೂ ಸಾವಂತ್ರಿನೇ ಹಾಕ್ತೀನಿ ಅಂದಾನೆ. ನಾನೂ ಬರ್ತೀನಿ" ಅಂದರು. ನಾಟಕ ಅಂದರೆ ಮೂಗು ಮುರಿಯುವ ಮನುಷ್ಯ ಯಾರ್ಡಿನ ಕೆಲಸ ಬಿಟ್ಟು ಸೊರಬಕ್ಕೆ ಹೋಗಿ ಬಂದಿದ್ದರು.

ಭಾನುವಾರ ಮಳೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸುರಿಯುತ್ತಿತ್ತು. ಪಕ್ಕದವರ ಮಾತು ಕೇಳದು, ಇನ್ನು ಹಾಡೆಲ್ಲಿ? ಮೊದಲ ಎರಡು ಅಂಕ ನಾನು ನಾಟಕ ನೋಡಲಿಲ್ಲ, ಮಳೆಗೆ ಶಾಪ ಹಾಕುತ್ತ ಕೂತಿದ್ದೆ. ಪರದೆಯ ಅರಮನೆ ಒದ್ದೆಯಾಗಿ ಒಂದು ಕಂಬ ಕೆಳಗಿಳಿದಿತ್ತು. ರಾಜನ ಕೈಯಲ್ಲಿ ವಾಚು. ಹಾಸ್ಯದವನು ನನ್ನ ಕ್ಯಾಸೆಟ್ಟಿನ ಜೋಕು ಬಿಟ್ಟು ಮೊಬೈಲು ರೀಚಾರ್ಜಿನ ಜೋಕು ಹೇಳಿದ. ನನಗೆ ಮೈ ಉರಿಯಿತು. ಮಾತು ಮಾತೂ ನನಗೆ ಬಾಯಿಪಾಠ, ಯಾರು ಎಲ್ಲಿ ಕೆಮ್ಮುತ್ತಾರೆ ಅನ್ನುವುದೂ ಗೊತ್ತು, ಇವರು ನನ್ನ ನಾಟಕವನ್ನು ಹಾಳುಮಾಡುತ್ತಿದ್ದಾರೆ ಅನ್ನಿಸಿತು. ಸಾವಂತ್ರಿ ಬಂದಾಗಂತೂ ಹಿಂದಿನ ಸಾಲಿನ ಹುಡುಗರು "ಅಜ್ಜಿ ಬಂತು" ಅಂತ ಶಿಳ್ಳೆ ಹಾಕಿದರು. ಹೌದು, ಅಜ್ಜಿಯೇ. ಎಪ್ಪತ್ತು ದಾಟಿದ ಹೆಂಗಸು, ಸುಕ್ಕಿನೊಳಗೆ ಬಿಳಿ ಬಣ್ಣ ಇಳಿದು ಗೆರೆಗೆರೆಯಾಗಿತ್ತು.

ಮೂರನೆಯ ಅಂಕದ ಹೊತ್ತಿಗೆ ಮಳೆ ನಿಂತಿತು. ಯಾವ ದೇವರು ಕೇಳಿಸಿಕೊಂಡನೋ. ಹಾರ್ಮೋನಿಯಂ ಮಾಸ್ತರು ಶ್ರುತಿಯನ್ನು ಬಹಳ ಕೆಳಗಿಳಿಸಿ ಕೊಟ್ಟ. ಅವಳು 'ಬಾಳ ಬೇಡೆನು ದೊರೆಯೆ' ಅಂತ ಎತ್ತಿದಳು. ಕ್ಯಾಸೆಟ್ಟಿನ ಕಂಠ ಅಲ್ಲ ಅದು, ತುಕ್ಕು ಹಿಡಿದಿತ್ತು. ಆದರೂ ಶಿಳ್ಳೆ ನಿಂತಿತು. ಇಷ್ಟು ವರ್ಷ ನನ್ನ ಮನಸ್ಸಿನಲ್ಲಿ ಸಾವಂತ್ರಿ ರಾಜನ ಕಾಲ ಹತ್ತಿರ ಮಂಡಿಯೂರಿ ಸೆರಗೊಡ್ಡುತ್ತಿದ್ದಳು. ಇಲ್ಲಿ ಮುಕ್ತಾಬಾಯಿ ಮಂಡಿ ಊರಲೇ ಇಲ್ಲ. ನೆಟ್ಟಗೆ ನಿಂತು, ರಾಜನ ಕಣ್ಣಲ್ಲಿ ಕಣ್ಣಿಟ್ಟು, ಕಣದಲ್ಲಿ ತನ್ನ ಪಾಲಿನ ಕಾಳು ಅಳೆಸಿಕೊಳ್ಳಲು ಬಂದವಳ ಹಾಗೆ ಸೆರಗು ಹಿಡಿದಳು. ಯಾವ ಕ್ಯಾಸೆಟ್ಟು ಇದನ್ನು ಕೊಟ್ಟೀತು? ಹಾಳುಮಾಡುತ್ತಿದ್ದಾರೆ ಅಂತ ಅಂದುಕೊಂಡದ್ದೆಲ್ಲ ಮರೆತೇಹೋಯಿತು. ಮೊದಲ ಚರಣ, ರಾಜ ನಕ್ಕ. ಎರಡನೆಯದು, ರಾಜ ಗದರಿದ. ಮೂರನೆಯದು. ನಾನು ನನ್ನ ಯಜಮಾನರ ಕೈ ಹಿಡಿದುಕೊಂಡೆ. ದನಿ ಹತ್ತತೊಡಗಿತು, 'ಒಂದೇ ಬೆಳಗು' ಅಂದಿತು.

"ಆಯೇರಿ! ಆಯೇರಿ!" ಅಂತ ಮೈಕು ಕಿರುಚಿತು.

ಆಯೇರಿ ಅಂದರೆ ಮೆಚ್ಚಿದವರು ಕಲಾವಿದರಿಗೆ ಕೊಡುವ ಉಡುಗೊರೆ. ಹಳ್ಳಿ ನಾಟಕದ ಪದ್ಧತಿ, ಕಂಪನಿಗೂ ಅಂಟಿಕೊಂಡಿದೆ. ಹಾಡು ನಡೆಯುತ್ತಿರಲಿ, ಹೆಣ ಬಿದ್ದಿರಲಿ, ಆಯೇರಿ ಬಂದರೆ ಆಟ ನಿಲ್ಲಿಸಿ ಮೈಕಿನಲ್ಲಿ ಕೂಗಲೇಬೇಕು. "ಮುಕ್ತಾಬಾಯಿಯವರ ಗಾಯನಕ್ಕೆ ಮೆಚ್ಚಿ ಅಭಿಮಾನಿಯೊಬ್ಬರಿಂದ ಒಂದು ರೇಷ್ಮೆ ಸೀರೆ!" ಮ್ಯಾನೇಜರು ತಟ್ಟೆಯಲ್ಲಿ ಸೀರೆ ತಂದ. ಅವಳು ತೆಗೆದುಕೊಂಡು ನಮಸ್ಕಾರ ಮಾಡಿದಳು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವ ಮೊದಲೇ ರಾಜ ಬಿಕ್ಕಿಬಿಕ್ಕಿ ಅಳತೊಡಗಿದ. ಬಿ ಸೈಡು ಶುರುವಾಗಿತ್ತು.

"ಯಾವನವನು ಆಯೇರಿ ಕೊಟ್ಟೋನು? ಕೈ ಸೇದಿಹೋಗ!" ಅಂತ ರುದ್ರೇಶಪ್ಪನವರು ಎದ್ದು ನಿಂತು ಕೂಗಿದರು. ಸುತ್ತ ಯಾರೂ ಮುಂದೆ ಬರಲಿಲ್ಲ. ಆಯೇರಿ ಕೊಡುವವರು ಕೊಡುವುದೇ ಮೈಕಿನಲ್ಲಿ ತಮ್ಮ ಹೆಸರು ಕೂಗಲಿ ಅಂತ. ಅಪ್ಪನ ಹೆಸರು, ಊರು, ಓಣಿ ಎಲ್ಲ ಸೇರಿಸಿ ಕೂಗದಿದ್ದರೆ ಜಗಳಕ್ಕೇ ಬರುತ್ತಾರೆ. ಹೆಸರಿಲ್ಲದ ಆಯೇರಿಯನ್ನು ನಾನು ಕೇಳಿರಲಿಲ್ಲ.

ಆಟ ಮುಗಿದದ್ದೇ ಪರದೆಯ ಹಿಂದಕ್ಕೆ ನುಗ್ಗಿದೆ. ತಗಡಿನ ಒಂದು ಗೂಡಿನಲ್ಲಿ ಮುಕ್ತಾಬಾಯಿ ಟ್ರಂಕಿನ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದಳು. ಅರ್ಧ ಮುಖ ರಾಣಿಯ ಹಾಗೆ ಬೆಳ್ಳಗೆ, ಅರ್ಧ ಕಪ್ಪಗೆ.

"ಆ ಆಯೇರಿ ಕೊಟ್ಟೋರು ಯಾರು ಹೇಳ್ರಿ" ಅಂದೆ. "ನಾನು ಅವರ ಮುಖ ನೋಡಬೇಕು."

ಅವಳು ಬಟ್ಟೆಯಿಂದ ಮುಖ ಒರೆಸುತ್ತಲೇ ನನ್ನತ್ತ ತಿರುಗಿದಳು.

"ನೋಡಾಕತ್ತೀಯಲ್ಲ ತಂಗಿ" ಅಂದಳು.

ನನಗೆ ತಿಳಿಯಲಿಲ್ಲ. ಅವಳೇ ಮುಂದುವರಿಸಿದಳು. "ಆ ಸೀರಿ ನಂದ. ಪ್ರತಿ ಆಟಕ್ಕೂ ಅದ ಸೀರಿ, ಅದ ಜಾಗಾ. ಮ್ಯಾನೇಜರಗ ಹೇಳಿಟ್ಟೀನಿ, 'ಒಂದೇ ಬೆಳಗು' ಅಂದ ಕೂಡ್ಲೆ ಕೂಗಪಾ ಅಂತ. ಅಲ್ಲಿಂದ ಮ್ಯಾಲ ಕಂಠ ಹತ್ತೂದಿಲ್ಲ. ಐದಾರು ವರ್ಷ ಆತು. ಮಂದಿ ಮುಂದ ಒಡಕು ದನಿ ತಗೀಯೂದಕಿಂತ ಆಯೇರಿ ಚಲೋ."

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಸಿಟ್ಟು ಮಾಡಲೂ ಯಾರೂ ಉಳಿಯಲಿಲ್ಲ. "ಹಾಡಬ್ಯಾಡ್ರಿ" ಅಂದೆ. "ಮಾತಿನಾಗೆ ಹೇಳಿದ್ರೆ ಸಾಕು. ರಾಜನಿಗೆ ಏನಂದ್ಲು ಅವಳು? ನಿಮ್ಮ ಕ್ಯಾಸೆಟ್ಟು ಐತ್ರಿ ನನ್ನತ್ರ, ಚಿಕ್ಕೋಳಿದ್ದಾಗಿಂದ ಕೇಳ್ತೀನಿ." ಕದ್ದು ಇಳಿಸಿದ ಕಾಪಿ ಅಂತ ಹಾಡಿದವಳ ಮುಂದೆಯೇ ಹೇಳಲು ನಾಚಿಕೆಯಾಯಿತು. ಟೇಪು ಸವೆದು ಆ ಜಾಗದ ಮಾತು ತಿಳಿಯುವುದಿಲ್ಲ ಅಂದೆ. ಆಮೇಲೆ ಮಗಳ ವಿಷಯವನ್ನೂ ಹೇಳಿದೆ. ಯಾರಿಗೂ ಹೇಳದ ಹುಚ್ಚನ್ನು, ಆ ಮಾತಿಗಾಗಿಯೇ ಕಾದದ್ದನ್ನು, ಎಲ್ಲ ಹೇಳಿದೆ.

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು. "ಅಲ್ಲಿ ಮಾತಿಲ್ಲವಾ" ಅಂದಳು ಮೆಲ್ಲಗೆ. "'ಒಂದೇ ಬೆಳಗು' ಅನ್ನೂತನಕ ಮಾತು. ಮುಂದ ಬರೇ ಆಕಾರ. 'ಆ' ಅಂತ ಮ್ಯಾಲಿನ ಷಡ್ಜಕ್ಕ ಹೋಗಿ ನಿಂದರೂದು. ಬೇಡಿ ಬೇಡಿ ಮಾತ ಮುಗದಿರ್ತಾವ. ಇನ್ನೇನ ಉಳೀತೈತಿ?"

ಮಾತಿರಲಿಲ್ಲ. ಇಷ್ಟು ವರ್ಷ ಇಲ್ಲದ್ದನ್ನು ಹುಡುಕಿದ್ದೆ. ಮಗಳು ಹೋದ ಆ ರಾತ್ರಿ ಕೊನೆಗೆ ನನ್ನ ಬಾಯಲ್ಲೂ ಮಾತು ಉಳಿದಿರಲಿಲ್ಲ, ಬರೀ ದನಿ ಇತ್ತು, ನರ್ಸು ಓಡಿ ಬಂದು ಬಾಯಿ ಮುಚ್ಚಿಸಿದ್ದಳು. ಹಾಗಾದರೆ ನಾನು ಸರಿಯಾಗಿಯೇ ಬೇಡಿದ್ದೆ. ಕರಗುವ ರಾಜ ಇರಲಿಲ್ಲ, ಅಷ್ಟೇ. ಇದು ಸಮಾಧಾನವೋ ಇನ್ನೊಂದು ಏಟೋ ನನಗೆ ಇವತ್ತಿಗೂ ಗೊತ್ತಿಲ್ಲ. ಟ್ರಂಕಿಗೆ ಹಣೆಯಿಟ್ಟು ಅತ್ತೆ, ಆಗ ಬಾರದ ಅಳುವನ್ನೆಲ್ಲ ಅತ್ತೆ.

ಹೊರಗೆ ರುದ್ರೇಶಪ್ಪನವರು ಬಸ್ಸಿಗೆ ಹೊತ್ತಾಯಿತು ಅಂತ ಕೂಗುತ್ತಿದ್ದರು. ಏಳಲು ಹೋದೆ. ಮುಕ್ತಾಬಾಯಿ ಎಣ್ಣೆಯ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು.

"ತಂಗೀ, ಮಾತ ತಿಳೀಲಿಲ್ಲಂದ್ರ ಇರಲಿ. ದನಿ ಕೇಳ್ತೈತಲ್ಲ? ಆ ಕ್ಯಾಸೆಟ್ಟಿನಾಗ ನಾ ಮುಟ್ಟೀನೇನು?"

"ಅಂದ್ರೆ?"

"ಮ್ಯಾಲಿನ ಷಡ್ಜ. ರೆಕಾರ್ಡಿಂಗ್ ದಿನ ಮೈಯಾಗ ಕೆಂಡದಂಥಾ ಜ್ವರ. ಕಿವಿ ಮುಚ್ಚಿದ್ವು. ಮುಟ್ಟಿದ್ನೋ ಇಲ್ಲೋ ನನಗ ಕೇಳಲಿಲ್ಲ. 'ಆತ್ರಿ ಬಾಯಾರ, ಹೋಗ್ರಿ' ಅಂದ ಕಳಿಸಿದ್ರು. ಕ್ಯಾಸೆಟ್ಟು ನನಗ ಯಾರೂ ಕೊಡಲಿಲ್ಲ. ಸ್ಟೇಜಿನ ಮ್ಯಾಗ ಹಾಡಿದ್ದೆಲ್ಲಾ ಗಾಳ್ಯಾಗ ಹೋತು. ಉಳದದ್ದು ಅದೊಂದ. ಅದನ್ನ ಕೇಳಿದವರು ಇವತ್ತಿನತನಕ ನನಗ ಯಾರೂ ಸಿಕ್ಕಿರಲಿಲ್ಲ." ಅವಳ ಹಿಡಿತ ಬಿಗಿಯಾಯಿತು. ನಾನು ಆ ಮ್ಯಾನೇಜರನ ಮುಖ ನೋಡಿದ ಹಾಗೆ ಅವಳು ನನ್ನ ಮುಖ ನೋಡುತ್ತಿದ್ದಳು. "ಸುಳ್ಳ ಹೇಳಬ್ಯಾಡ. ಮುಟ್ಟೀನೇನು?"

"ಮುಟ್ಟೀರಿ" ಅಂದೆ.

"ಖರೇ?"

"ಖರೇ. ಮುಟ್ಟಿ ನಿಂತೀರಿ."

"ನಿಂತೀನಾ? ಎಷ್ಟೊತ್ತು?"

"ಬೆಳಗಾಗೋ ತನಕ" ಅಂದೆ.